ಭಾವನ ಕೈಪಿಡಿಗೆ ಸಿಕ್ಕ ಓದುಗರು

ನಮ್ಮ ಭಾವನಿಗೆ ಬರೆಯುವ ಚಟ. ಕಥೆಯೋ ಕವಿತೆಯೋ ಎಂದು ಹೆದರಬೇಡಿ, ಅವರು ಬರೆಯುವುದು ಕೈಪಿಡಿ. ಯಾವ ಗುಂಡಿ ಒತ್ತಬೇಕು, ಯಾವುದರ ತಂಟೆಗೆ ಹೋಗಬಾರದು ಎಂದು ತಿಳಿಸುವ ಪುಸ್ತಕ. ನಾನು ಫ್ರಿಜ್ ರಿಪೇರಿಯವನು. ಹೋದ ಮನೆಯಲ್ಲೆಲ್ಲ ಕೈಪಿಡಿ ತನ್ನ ಪ್ಲಾಸ್ಟಿಕ್ ಚೀಲದೊಳಗೆ ಹಾಯಾಗಿ ಮಲಗಿರುವುದನ್ನು ನೋಡಿದ್ದೇನೆ. ಇದನ್ನು ಭಾವನ ಮುಂದೆ ಹೇಳುವುದೆಂದರೆ ನನಗೆ ಎಲ್ಲಿಲ್ಲದ ಖುಷಿ.

"ಜನ ಓದಿದ್ದಿದ್ರೆ ನಿನ್ನ ಹೊಟ್ಟೆಪಾಡು ಏನಾಗ್ತಿತ್ತೋ?" ಎಂದು ಅವರು ಮುಖ ಊದಿಸಿಕೊಳ್ಳುತ್ತಾರೆ.

ಮನೆಯಲ್ಲೂ ಅವರದು ಕೈಪಿಡಿಯ ಮಾತೇ. ಅಕ್ಕ ಹಾಲು ಕಾಯಿಸಲು ಹೋದರೆ, ಮೊದಲು ಪಾತ್ರೆ ಒಣಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು ಎನ್ನುತ್ತಾರೆ. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಅವರ ಕಚೇರಿಯವರು ಒಂದು ಟೂಲ್ ಮಾರುತ್ತಾರೆ. ಅಂಗಡಿ, ಬ್ಯಾಂಕಿನವರು ಸಾವಿರಾರು ಜನರಿಗೆ ಇಮೇಲ್ ಕಳಿಸುವ ಮುನ್ನ, ಅದು ಫೋನಿನಲ್ಲಿ ಹೇಗೆ ಕಾಣುತ್ತದೆ, ಕಂಪ್ಯೂಟರಿನಲ್ಲಿ ಹೇಗೆ ಕಾಣುತ್ತದೆ ಎಂದು ಈ ಟೂಲ್ ತೋರಿಸುತ್ತದೆ. ಬೇಕಿದ್ದರೆ ಪರೀಕ್ಷಾ ಪ್ರತಿಯೊಂದನ್ನು ಕೊಟ್ಟ ವಿಳಾಸಕ್ಕೆ ಕಳಿಸುತ್ತದೆ. ಈಚೆಗೆ ಇದನ್ನು ಮನುಷ್ಯರು ಮುಟ್ಟುವುದೇ ಅಪರೂಪ. ಕೈಪಿಡಿ ಓದಿಕೊಂಡು ತಾವೇ ಕೆಲಸ ಮುಗಿಸುವ ಎಐ ಏಜೆಂಟ್ ಎಂಬ ಪ್ರೋಗ್ರಾಮುಗಳು ಬಂದಿವೆ. ಭಾವನ ಅಕ್ಕಪಕ್ಕದ ಕುರ್ಚಿಗಳು ಒಂದೊಂದೇ ಖಾಲಿಯಾಗುತ್ತಿದ್ದವು. ಆಗ ಅವರ ಮ್ಯಾನೇಜರಮ್ಮ ಕರೆದು, "ಏಜೆಂಟುಗಳಿಗೆ ಅರ್ಥ ಆಗೋ ಹಾಗೆ ಒಂದು ಕೈಪಿಡಿ ಬರೆದುಕೊಡಿ. ಇದೊಂದು ಕೈಹಿಡಿದ್ರೆ ನಿಮ್ಮ ಕೆಲಸಕ್ಕೆ ಏನೂ ಭಯ ಇಲ್ಲ" ಎಂದರಂತೆ.

ಬೇರೆಯವರಾಗಿದ್ದರೆ ಭಯಪಡುತ್ತಿದ್ದರು. ಭಾವ ಮದುವೆ ಗಂಡಿನ ಹಾಗೆ ಮನೆಗೆ ಬಂದರು.

"ಒಂದಕ್ಷರ ಬಿಡದೆ ಓದ್ತವಂತೆ ಕಣೋ! ಬರೆದದ್ದನ್ನ ಬರೆದ ಹಾಗೇ ಮಾಡ್ತವಂತೆ!"

"ಹಾಗಾದ್ರೆ ನಮ್ಮಕ್ಕನಿಗಿಂತ ವಾಸಿ ಬಿಡಿ" ಎಂದೆ. ಅಕ್ಕ ಕತ್ತರಿ ಹಿಡಿದವಳು ತಲೆಯೆತ್ತಿ ನನ್ನನ್ನು ನೋಡಿದಳು.

ಅಕ್ಕನದು ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಗಿರಾಕಿಗಳು ಅಳತೆಗಳನ್ನು ಅವಳ ಇಮೇಲಿಗೆ ಕಳಿಸುತ್ತಾರೆ. ಭಾವನಿಗೋ ಒಂದು ವ್ರತವಿದೆ. ಕೈಪಿಡಿಯಲ್ಲಿ ಕೊಡುವ ಉದಾಹರಣೆ ಸುಳ್ಳಿರಬಾರದು, ಅದನ್ನು ಸ್ವತಃ ಮಾಡಿ ನೋಡಿರಬೇಕು. ಹಾಗಾಗಿ ಪರೀಕ್ಷಾ ಪ್ರತಿಯ ಪಾಠ ಬರೆಯುವಾಗ ಉದಾಹರಣೆಗೆ ಅಕ್ಕನ ವಿಳಾಸವನ್ನೇ ಹಾಕಿ, ಪ್ರತಿಯೊಂದನ್ನು ಕಳಿಸಿ, ಒಳಕೋಣೆಯಿಂದ ಕೂಗಿದರು:

"ಬಂತಾ?"

"ಬಂತು ರೀ, ಬಂತು."

ವಿಳಾಸದ ಕೆಳಗೆ ಭಾವ ಹೆಮ್ಮೆಯಿಂದ ಬರೆದರು: 'ಇದು ಪರೀಕ್ಷಿಸಿ ನೋಡಿದ ವಿಳಾಸ. ಖಂಡಿತ ತಲುಪುತ್ತದೆ.'

ಏಜೆಂಟುಗಳಿಗೆ ಇನ್ನೇನು ಬೇಕು? ಖಂಡಿತ ತಲುಪುವ ವಿಳಾಸ ಕಣ್ಣೆದುರೇ ಇರುವಾಗ ಬೇರೆ ಹುಡುಕಲು ಅವಕ್ಕೇನು ಹುಚ್ಚೇ? ಕೈಪಿಡಿ ಹೊರಬಿದ್ದ ಮೇಲೆ ಊರಿನವರೆಲ್ಲರ ಪರೀಕ್ಷಾ ಪ್ರತಿಗಳು ಅಕ್ಕನ ಫೋನಿಗೆ ಸುರಿಯತೊಡಗಿದವು. ಚಪ್ಪಲಿ ಅಂಗಡಿಯ ರಿಯಾಯಿತಿ, ಜಿಮ್ಮಿನವರ ಬೆದರಿಕೆ, ಹಲ್ಲಿನ ಡಾಕ್ಟರ ನೆನಪೋಲೆ. ಅದರ ಮಧ್ಯೆ ಗಿರಾಕಿಯೊಬ್ಬರ ಅಳತೆ ಕಳೆದುಹೋಗಿ, ಅವರ ಕೋಟು ಹೊಲಿಯದೆ ಉಳಿದು, ಅಕ್ಕ ಬಾಯಿಗೆ ಬಂದ ಹಾಗೆ ಬೈಸಿಕೊಂಡಳು.

"ಆ ವಿಳಾಸ ತೆಗೀರಿ. ನನ್ನ ಅಂಗಡಿ ಮುಚ್ಚಿಸ್ತೀರ?"

ಭಾವನ ಮುಖ ಮಾತ್ರ ಹೊಳೆಯುತ್ತಿತ್ತು. "ಓದ್ತಿವೆ ಕಣೇ! ನಾನು ಬರೆದದ್ದನ್ನ ನಿಜವಾಗ್ಲೂ ಓದ್ತಿವೆ! ಸ್ವಲ್ಪ ದಿನ ಇರಲಿ ಬಿಡು."

ಒಬ್ಬ ಓದುಗನಿಗಾಗಿ ಆಯುಷ್ಯವೆಲ್ಲ ಬಾಯಿಬಿಟ್ಟುಕೊಂಡು ಕೂತ ಮನುಷ್ಯ, ಸಿಕ್ಕ ಓದುಗರನ್ನು ಹೆಂಡತಿಯ ಅಂಗಡಿಗಾಗಿ ಬಿಟ್ಟುಕೊಟ್ಟಾನೆಯೇ? ವಿಳಾಸ ಅಲ್ಲೇ ಉಳಿಯಿತು. ಕೈಪಿಡಿಗೆ ಕಚೇರಿಯಲ್ಲಿ ಚಪ್ಪಾಳೆಯೂ ಬಿತ್ತಂತೆ. ಅದನ್ನು ಅವರು ಊಟಕ್ಕೆ ಕೂತಾಗಲೆಲ್ಲ ಹೇಳಿ ನಮ್ಮ ಜೀವ ತಿಂದರು.

ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿ ಬೇಗ ಬಾ ಎಂದಳು. ಹೋದರೆ ಹೊಲಿಗೆ ಯಂತ್ರದಲ್ಲಿ ಅರ್ಧ ಹೊಲಿದ ತೋಳು ಹಾಗೇ ಸಿಕ್ಕಿಕೊಂಡಿತ್ತು. ಅವಳು ಫೋನ್ ನನ್ನ ಕೈಗಿಟ್ಟಳು. ಮತ್ತೊಂದು ಪರೀಕ್ಷಾ ಪ್ರತಿ, ಈ ಸಲ ಭಾವನ ಕಚೇರಿಯದೇ. ತಮ್ಮ ಇಮೇಲನ್ನೂ ಅವರು ತಮ್ಮ ಏಜೆಂಟಿನಿಂದಲೇ ನೋಡಿಸುತ್ತಾರಲ್ಲ, ಅದೂ ಭಾವನ ಕೈಪಿಡಿಯನ್ನೇ ಓದಿದ್ದು. 'ಕೈಪಿಡಿ ವಿಭಾಗವನ್ನು ಈ ತಿಂಗಳ ಕೊನೆಗೆ ಮುಚ್ಚಲಾಗುವುದು. ನಿಮ್ಮ ಕೈಪಿಡಿಯಿಂದ ಕಲಿತ ಏಜೆಂಟುಗಳೇ ಮುಂದಿನವನ್ನು ಬರೆಯಲಿವೆ. ನಿಮ್ಮ ಸೇವೆಗೆ ಧನ್ಯವಾದ.' ವಿಭಾಗ ಎಂದರೆ ಅಷ್ಟು ಹೊತ್ತಿಗೆ ಭಾವ ಒಬ್ಬರೇ. ಅಸಲಿ ಪತ್ರ ಅವರಿಗೆ ಇನ್ನೂ ಬಂದಿರಲಿಲ್ಲ.

"ಇದನ್ನ ಅವರಿಗೆ ಹೇಗೆ ಹೇಳ್ಲೋ?" ಎಂದು ಅಕ್ಕ ಅತ್ತಳು. ನನ್ನ ನಾಲಗೆಗೆ ಆ ದಿನ ಒಂದು ಕುಹಕವೂ ಹೊಳೆಯಲಿಲ್ಲ.

ಸಂಜೆ ಭಾವ ಬಂದು ಓದಿದರು. ಓದಿ, ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದರು. "ಫೋನಿನಲ್ಲಿ ಸಾಲುಗಳು ಚೆನ್ನಾಗಿ ಕೂತಿವೆ" ಎಂದರು. ಆಮೇಲೆ ಕೈಪಿಡಿ ತೆರೆದು ಅಕ್ಕನ ವಿಳಾಸವನ್ನು ಅಳಿಸಿಹಾಕಿದರು.

ಮರುದಿನವೂ ಇಸ್ತ್ರಿ ಅಂಗಿ ತೊಟ್ಟು ಹೊರಟರು. ಮ್ಯಾನೇಜರಮ್ಮ ದಿನಾ ನಗುತ್ತಾ ಚೆನ್ನಾಗಿದ್ದೀರಾ ಎಂದು ಕೇಳುತ್ತಿದ್ದರಂತೆ. ಭಾವನೂ ನಗುತ್ತಾ ಚೆನ್ನಾಗಿದ್ದೇನೆ ಎನ್ನುತ್ತಿದ್ದರಂತೆ. ಭಾವನಿಗೆ ವಿಷಯ ಆಗಲೇ ಗೊತ್ತಿದೆ ಎಂದು ಆಯಮ್ಮನಿಗೆ ಗೊತ್ತಿರಲಿಲ್ಲ.

ತಿಂಗಳ ಕೊನೆಯ ದಿನ ರಜೆ. ಭಾವ ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದರು. ಅಕ್ಕ ಹೊಲಿಗೆ ನಿಲ್ಲಿಸಿ ಕೇಳಿದಳು:

"ಬಂತಾ ರೀ?"

"ಬಂತು" ಎಂದರು ಭಾವ. ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿ ಹೇಳಿದರು: "ಮೊದಲು ತೋರಿಸಿದ್ದ ಹಾಗೇ ಇದೆ. ಟೂಲ್ ಚೆನ್ನಾಗಿ ಕೆಲಸ ಮಾಡುತ್ತೆ."