ಡೆನಿಸಪ್ಪನ ಕೋಟು, ದೊಡ್ಡವ್ವನ ಸೀರೆ

ನಾಲ್ಕು ತಿಂಗಳ ಹಿಂದೆ ನಮ್ಮ ದೊಡ್ಡವ್ವ ಸಿನಿಮಾ ಕ್ಯಾಮೆರಾ ಮುಂದೆ ನಿಂತಳು. ನಿಂತಳು ಅಂದರೆ ನಿಂತೇ ನಿಂತಳು. ರೆಪ್ಪೆ ಕೂಡ ಬಡಿಯಲಿಲ್ಲ.

ಮೊದಲಿಂದ ಹೇಳುತ್ತೇನೆ. ಇಂಗ್ಲೆಂಡಿನಿಂದ ಡೆನಿಸ್ ಎಂಬಾತ ನಮ್ಮ ಕೊಟ್ಟೂರಿಗೆ ಬಂದಿದ್ದ. ಐವತ್ತು ದಾಟಿದ ಮನುಷ್ಯ. ಫೋಟೋಗ್ರಾಫರ್ ಆಗಿ ಶುರುಮಾಡಿ, ಆಮೇಲೆ ಸಿನಿಮಾಕ್ಕೆ ಕೈಹಾಕಿ, ದೇಶ ದೇಶ ತಿರುಗಿ ಜನರ ಊಟ ಉಡುಗೆ ಚಿತ್ರಿಸಿದವನು. ಹೊಳಲಿನ ಅನಂತಶಯನ ಗುಡಿಯನ್ನೂ ಉಚ್ಚಂಗಿದುರ್ಗದ ಕೋಟೆಯನ್ನೂ ಚಿತ್ರಿಸಿ ಮುಗಿಸಿಕೊಂಡು ಬಂದಿದ್ದ. ಉಳಿದದ್ದು ಒಂದೇ ದಿನ, ಒಂದೇ ರೀಲು. ಅದರಲ್ಲಿ ಜೋಳದ ರೊಟ್ಟಿ ಬಡಿಯುವ ಹೆಂಗಸು ಬೇಕು. ನಾನು ಇಂಗ್ಲಿಷ್ ಮೇಷ್ಟ್ರು ಅಂತ ಜನ ಅವನನ್ನು ನನ್ನ ಮನೆಗೆ ತಂದುಬಿಟ್ಟರು. (ನನ್ನ ಇಂಗ್ಲಿಷು ಬೋರ್ಡಿನ ಮೇಲಷ್ಟೇ ಗಟ್ಟಿ. ಇಂಗ್ಲಿಷಿನವನೇ ಎದುರು ಬಂದರೆ ಕೈಸನ್ನೆ.)

ಒಲೆ ಮುಂದಿದ್ದ ದೊಡ್ಡವ್ವನನ್ನು ಕಂಡು ಆತ ಕುಣಿದಾಡಿಬಿಟ್ಟ. ಹಿಟ್ಟಿನ ಕೈ, ಬೆವರಿದ ಹಣೆ, ಹರಿದ ಸೆರಗು. "ನ್ಯಾಚುರಲ್! ನ್ಯಾಚುರಲ್!"

"ಏನಂತಾನಲೇ?" ದೊಡ್ಡವ್ವ ಕೇಳಿದಳು.

"ಹಿಂಗ ಇರಬೇಕಂತ. ಸೀರಿ ಬದ್ಲಸಬಾರದಂತ."

"ನಮ್ಮನಿಯಾಗ ಇನ್ನೊಂದು ಸೀರಿ ಇಲ್ಲಂತ ಲಂಡನ್ ಮಂದಿ ತಿಳಕೋಬೇಕೇನು? ಮಾನ ಹೋಗೋದು ನಂದು. ಇಷ್ಟ್ ವರ್ಷ ಈ ಕಸುಬು ಮಾಡ್ಯಾನ, ಸ್ವಂತ ಸ್ಟುಡಿಯೋ ಐತೇನು ಕೇಳು."

ಕೇಳಿದೆ. ಇಲ್ಲ. ಚಿತ್ರ ಬರೆದ ಪರದೆ? ಇಲ್ಲ. ಪ್ಲಾಸ್ಟಿಕ್ ಹೂವು? ಅದೂ ಇಲ್ಲ. ದೊಡ್ಡವ್ವ ಹಿಟ್ಟಿನ ಕೈ ಒರೆಸಿಕೊಂಡಳು.

"ಪಾಪ, ಕಸುಬು ಕೈಹತ್ತಿಲ್ಲ ಇವಗ. ಹೋಗ್ಲಿ, ಇವಂದಾರ ಒಂದು ಛಲೋ ಫೋಟೋ ಐತೇನು?"

ಡೆನಿಸ್ ತಡವರಿಸಿದ. ಪಾಸ್‌ಪೋರ್ಟಿನದು ಬಿಟ್ಟರೆ ಇಲ್ಲವಂತೆ. ಯಾವಾಗಲೂ ಕ್ಯಾಮೆರಾದ ಹಿಂದೆಯೇ ಇರುವವನಲ್ಲವೇ? ಅವನೂರಲ್ಲಿ ಮುದಿ ತಾಯಿ ಒಂದು ಫೋಟೋ ಕೊಡೆಂದು ಕೇಳುತ್ತಲೇ ಇರುತ್ತಾಳಂತೆ.

ದೊಡ್ಡವ್ವ ಎದ್ದೇಬಿಟ್ಟಳು. ರೇಷ್ಮೆ ಸೀರೆ ಉಟ್ಟು, ನಮ್ಮಿಬ್ಬರನ್ನೂ ಬಸ್ ಸ್ಟ್ಯಾಂಡಿನ ಸ್ಟುಡಿಯೋಕ್ಕೆ ನಡೆಸಿದಳು. ಅಲ್ಲಿ ತಾಜ್‌ಮಹಲ್ ಬರೆದ ಪರದೆ, ಮೊಳೆಗೆ ತೂಗುಹಾಕಿದ ಕೋಟು. ಊರಿಗೆಲ್ಲ ಅದೊಂದೇ ಕೋಟು. (ಹೆಣ್ಣಿನವರಿಗೆ ಕಳಿಸಿದ ನನ್ನ ಫೋಟೋದಲ್ಲೂ ಅದೇ.) ಡೆನಿಸನಿಗೆ ಅದರ ತೋಳು ಮೊಣಕೈಗೇ ಮುಗಿಯಿತು. ದೊಡ್ಡವ್ವ ಆ ಬಿಳಿ ಮುಖಕ್ಕೆ ಮತ್ತಷ್ಟು ಪೌಡರ್ ಬಳಿದಳು. "ಡೆನಿಸಪ್ಪಾ, ಉಸಿರು ಬಿಡಬ್ಯಾಡ!" ಆತ ಗರುಡಗಂಬದ ಹಾಗೆ ನಿಂತ. ಸ್ಟುಡಿಯೋದವನು ಕ್ಲಿಕ್ಕಿಸಿದ.

ಆಮೇಲೆ ಆಕೆಯ ಸರದಿ. ಮನೆಯಿಂದ ತಂದ ರೊಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಅದೇ ಪರದೆ ಮುಂದೆ ನಿಂತು, ತೆಗೆದರೆ ಇಲ್ಲೇ ತೆಗೀಲಿ ಎಂದಳು. ಸಿನಿಮಾ ಕ್ಯಾಮೆರಾ ಗಿರ್ರೆಂದಿತು. "ಮೂವ್! ಮೂವ್!" ಅಂದ ಡೆನಿಸ್.

"ದೊಡ್ಡವ್ವಾ, ಅಲ್ಲಾಡು!" ಅಂದೆ ನಾನು.

ಅಲ್ಲಾಡಿದರೆ ಫೋಟೋ ಕೆಡುತ್ತದೆಂದು ಆಕೆಗೆ ಗೊತ್ತಿಲ್ಲವೇ? ತುಟಿ ಬಿಚ್ಚದೆ ನನ್ನನ್ನೇ ಬೈದಳು. ರೀಲು ಮುಗಿಯಿತು. ಅಷ್ಟೂ ಹೊತ್ತು ಅಲ್ಲಾಡಿದ್ದು ರೊಟ್ಟಿ ಮೇಲೆ ಕೂತ ನೊಣ ಮಾತ್ರ.

ನನಗೆ ನಾಚಿಕೆ, ಸಂಕಟ ಎರಡೂ ಆದವು. ಸಮುದ್ರ ದಾಟಿ ಬಂದವನ ಕಡೆಯ ರೀಲು ನಮ್ಮ ದೊಡ್ಡವ್ವನಿಂದ ಹಾಳಾಯಿತಲ್ಲ!

ಮೊನ್ನೆ ಡೆನಿಸನ ಕಾಗದ ಬಂತು. ದೊಡ್ಡವ್ವನ ಭಾಗ ಸಿನಿಮಾದಲ್ಲಿ ಸೇರಲಿಲ್ಲವಂತೆ. ಆದರೆ ಅವನ ತಾಯಿ, ಮಗ ತೆಗೆದು ಬಹುಮಾನ ಗೆದ್ದ ಚಿತ್ರಗಳನ್ನೆಲ್ಲ ಗೋಡೆಯಿಂದ ಇಳಿಸಿ, ಆ ಕೋಟಿನ ಫೋಟೋ ಹಾಕಿದ್ದಾಳಂತೆ. ಬಂದವರಿಗೆಲ್ಲ ಅದನ್ನೇ ತೋರಿಸುತ್ತಾಳಂತೆ.

ಓದಿ ಹೇಳಿದೆ. ಅದೇ ಹರಿದ ಸೆರಗಿನಲ್ಲಿ ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವ ತಲೆ ಎತ್ತಲಿಲ್ಲ.

"ಛಲೋ ಫೋಟೋ ಯಾವ್ದಂತ ಕ್ಯಾಮೆರಾ ಮುಟ್ಟದ ಆಕಿಗೆ ತಿಳೀತು. ಜಗತ್ತೆಲ್ಲ ತಿರುಗಿದ ಇವಗ್ಯಾಕ ತಿಳೀಲಿಲ್ಲ?"