ಬುಧವಾರದಿಂದ ಇಲ್ಲದ ರಂಗೋಲಿ

ಚಂದ್ರಾ ಲೇಔಟ್‌ನ ನಮ್ಮ ಎದುರು ಮನೆ ಆಂಟಿ ಶುಕ್ರವಾರ ಕಾಣೆಯಾದರು ಅಂತ ಅಂಕಲ್ ಪೊಲೀಸರಿಗೆ ದೂರು ಕೊಟ್ಟಿದ್ದರು. ನಾನು ಮಹಾ ಜಾಣೆ ನೋಡಿ, ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: "ಅವರ ಬಾಗಿಲಿಗೆ ಬುಧವಾರದಿಂದಲೇ ರಂಗೋಲಿ ಇರಲಿಲ್ಲವಲ್ಲ?"

ಅಷ್ಟು ಸಾಕಾಯಿತು. ಹಾಗಾದರೆ ಆಂಟಿ ಬುಧವಾರವೇ ಇರಲಿಲ್ಲ, ಗಂಡ ಸುಳ್ಳು ಹೇಳ್ತಿದ್ದಾನೆ ಅಂದರು ಗ್ರೂಪಿನವರು. ಸಂಜೆಯೊಳಗೆ ನಾನು ಬರೆದ ಸಾಲು ಅವರ ಮನೆಯ ಫೋಟೋ ಸಮೇತ ಫೇಸ್‌ಬುಕ್ಕಿಗೆ ಹೋಗಿ, ಯಾರ್ಯಾರೋ ಅಂಕಲ್ಲನ್ನು ಕೊಲೆಗಾರ ಮಾಡಿಬಿಟ್ಟರು.

ಮಾರನೇ ದಿನ ಅಂಕಲ್ ಗೇಟಿನ ಹತ್ತಿರ ಸಿಕ್ಕರು. "ಅವಳಿಗೆ ಮಂಡಿನೋವು ಕಣಮ್ಮ, ಬಗ್ಗಕ್ಕಾಗಲ್ಲ. ಎರಡು ವರ್ಷದಿಂದ ರಂಗೋಲಿ ಹಾಕ್ತಿದ್ದೋನು ನಾನು. ಜನ ನಗ್ತಾರೆ ಅಂತ ಬೆಳಕಾಗೋ ಮುಂಚೆ ಮುಗಿಸ್ತಿದ್ದೆ. ಬುಧವಾರ ಜ್ವರ ಬಂದು ಮಲಗಿಬಿಟ್ಟೆ. ಶುಕ್ರವಾರ ನನಗೆ ಮಾತ್ರೆ ತರ್ತೀನಿ ಅಂತ ಹೋದೋಳು ಬರಲೇ ಇಲ್ಲ."

ತಪ್ಪಾಯ್ತು ಅಂತ ಗ್ರೂಪಿನಲ್ಲಿ ಬರೆದೆ. ಹೆಚ್ಚಿನವರು ಓದಲಿಲ್ಲ, ಓದಿದವರು ಅಂಕಲ್ ನನ್ನನ್ನೂ ಬುಟ್ಟಿಗೆ ಹಾಕಿಕೊಂಡರು ಅಂದರು. ಮೈಯೆಲ್ಲ ಉರಿಯಿತು. ಫೋನ್ ಮನೆಯಲ್ಲೇ ಬಿಟ್ಟು ರಸ್ತೆಯ ಒಂದೊಂದು ಬಾಗಿಲೂ ತಟ್ಟಿ, "ಅದನ್ನ ಬರೆದೋಳು ನಾನು, ಅದು ತಪ್ಪು" ಅಂತ ಮುಖಕ್ಕೇ ಹೇಳಿ ಬಂದೆ. ಸ್ಟೇಷನ್ನಿಗೂ ಹೋಗಿ ಹೇಳಿದೆ.

ಆಂಟಿ ಇನ್ನೂ ಸಿಕ್ಕಿಲ್ಲ. ಅಂಕಲ್ ಬೆಳಗಾದರೆ ಅವರ ಫೋಟೋ ಹಿಡಿದು ಬಸ್ ಸ್ಟ್ಯಾಂಡುಗಳಿಗೆ ಹೋಗುತ್ತಾರೆ. ಆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ಈಗ ನನ್ನ ಕೆಲಸ. ಜನ ಹಾಲಿಗೆ ಹೊರಡುವ ಹೊತ್ತಿಗೇ ಹಾಕುತ್ತೇನೆ, ನೋಡಲಿ ಅಂತ. ಇವತ್ತು ಗ್ರೂಪಿನಲ್ಲಿ ಯಾರೋ ಅದರ ಫೋಟೋ ಹಾಕಿ ಕೇಳಿದ್ದಾರೆ: "ಆ ಮನೆಗೆ ಈಗ ರಂಗೋಲಿ ಹಾಕ್ತಿರೋಳು ಯಾರು?"

ನಾಳೆ ಇನ್ನೂ ದೊಡ್ಡದು ಹಾಕುತ್ತೇನೆ.