ರಸಾಯನಶಾಸ್ತ್ರಕ್ಕೆ ನಾನು ಕೊಡಿಸಿದ ಬಿ

ನನ್ನ ಮಗಳಿಗೆ ರಸಾಯನಶಾಸ್ತ್ರದಲ್ಲಿ ಬಿ ಗ್ರೇಡ್ ಕೊಡಿಸಿದವನು ನಾನೇ. ಪರೀಕ್ಷೆ ಇನ್ನೂ ನಡೆದಿರಲಿಲ್ಲ. ಅವಳು ಒಂದು ಸಮೀಕರಣವನ್ನೂ ತಪ್ಪು ಬರೆದಿರಲಿಲ್ಲ. ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಮನೆಯ ಊಟದ ಮೇಜಿನ ಮುಂದೆ, ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ ಉಟ್ಟು ಕೂತು, ಐದೇ ನಿಮಿಷದಲ್ಲಿ ನಾನು ಆ ಕೆಲಸ ಮುಗಿಸಿದ್ದೆ.

ಅದು ಕೊರೊನಾದ ಮೊದಲ ವರ್ಷ. ಮಗಳು ಎ ಲೆವೆಲ್ ಓದುತ್ತಿದ್ದಳು, ನಮ್ಮ ಕಡೆಯ ಪಿಯುಸಿ ಇದ್ದ ಹಾಗೆ. ಪಶುವೈದ್ಯೆ ಆಗಬೇಕೆಂದು ಅವಳಿಗೆ ಆಸೆ. ಆಸೆ ಅಂದರೆ ಕಡಿಮೆಯಾಯಿತು, ಅದೊಂದು ಹುಚ್ಚು. ಕೆಳಗಿನ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನ ಹಿತ್ತಲಿನಲ್ಲಿದ್ದ ಬೀದಿ ಬೆಕ್ಕುಗಳಿಗೆ ತನ್ನ ನೋಟ್‌ಬುಕ್ಕಿನಲ್ಲಿ ತಲಾ ಒಂದು ಪುಟ ಕೊಟ್ಟಿದ್ದಳು. ಯಾವುದಕ್ಕೆ ಕಣ್ಣು ಸೋರುತ್ತಿದೆ, ಯಾವುದು ಬಸುರಿ, ಯಾವುದು ಎರಡು ದಿನದಿಂದ ಊಟ ಬಿಟ್ಟಿದೆ, ಎಲ್ಲವೂ ಅದರಲ್ಲಿತ್ತು. ರೊಟ್ಟಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಾ ಎಂದು ಕಳಿಸಿದರೆ ಅರ್ಧ ಗಂಟೆ ಬಿಟ್ಟು ತಣ್ಣಗಾದ ರೊಟ್ಟಿಯ ಪೊಟ್ಟಣದ ಜೊತೆಗೆ ಬೆಕ್ಕುಗಳ ಯೋಗಕ್ಷೇಮವನ್ನೂ ತರುತ್ತಿದ್ದಳು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಮೇಲೆ ಅವಳ ಕಣ್ಣಿತ್ತು. ಆ ಕೋರ್ಸಿಗೆ ಅವರು ಕೇಳುತ್ತಿದ್ದದ್ದು ಮೂರು ಎ.

ನನಗೆ ಗೊತ್ತಿದ್ದದ್ದು ನಮ್ಮ ಸಿಇಟಿ ಒಂದೇ. ಪರೀಕ್ಷೆ ಬರೆಯಬೇಕು, ರ‍್ಯಾಂಕ್ ಬರಬೇಕು, ಸಾಲಿನಲ್ಲಿ ನಿಂತು ಸೀಟು ಹಿಡಿಯಬೇಕು, ಸಿಗದಿದ್ದರೆ ಮನೆಗೆ ಬರಬೇಕು. ಇಲ್ಲಿ ಎಲ್ಲವೂ ಉಲ್ಟಾ. ಪರೀಕ್ಷೆಗೆ ಏಳೆಂಟು ತಿಂಗಳಿರುವಾಗಲೇ ಅರ್ಜಿ ಹೋಗುತ್ತದೆ. ಈ ಹುಡುಗಿಗೆ ಎಷ್ಟು ಬರಬಹುದು ಎಂದು ಕಾಲೇಜಿನವರು ಅಂದಾಜು ಗ್ರೇಡ್ ಬರೆದು ಕಳಿಸುತ್ತಾರೆ. ವಿಶ್ವವಿದ್ಯಾಲಯದವರು ಅದನ್ನು ನೋಡಿ, ಇಷ್ಟು ತಂದರೆ ಸೀಟು ನಿನ್ನದು ಎಂದು ಷರತ್ತಿನ ಆಫರ್ ಕೊಡುತ್ತಾರೆ. ಅಂದಾಜೇ ಕಡಿಮೆಯಿದ್ದರೆ ಆಫರೂ ಇಲ್ಲ, ಷರತ್ತೂ ಇಲ್ಲ. ಇದು ಶುದ್ಧ ಜ್ಯೋತಿಷ್ಯ ಎಂದು ನಾನಂದೆ. ಮಗಳು ಆ ದಿನ ನನ್ನ ಜೊತೆ ಮಾತು ಬಿಟ್ಟಳು.

ಆಮೇಲೆ ನನಗೆ ನನ್ನ ಕೆಲಸದ ದಾರಿಯಲ್ಲೇ ಅದು ಅರ್ಥವಾಯಿತು. ನಾನು ಕ್ಲಾಂಗ್ ಬಂದರಿನ ಒಂದು ಸರಕು ಕಂಪನಿಯಲ್ಲಿ ಬುಕಿಂಗ್ ನೋಡಿಕೊಳ್ಳುವವನು. ಹಡಗಿನಲ್ಲಿರುವ ಜಾಗಕ್ಕಿಂತ ಹೆಚ್ಚು ಕಂಟೇನರುಗಳಿಗೆ ನಾವು ಹೂಂ ಅನ್ನುತ್ತೇವೆ, ಏಕೆಂದರೆ ಕೊನೆಯ ದಿನ ಕೆಲವು ಬರುವುದೇ ಇಲ್ಲ. ವಿಶ್ವವಿದ್ಯಾಲಯದವರದ್ದೂ ಅದೇ ಲೆಕ್ಕ. ಕೆಲವರು ಬೇರೆ ಕಡೆ ಹೋಗುತ್ತಾರೆ, ಕೆಲವರಿಗೆ ಗ್ರೇಡ್ ಕೈಕೊಡುತ್ತದೆ, ಹಾಗಾಗಿ ಇರುವ ಸೀಟಿಗಿಂತ ಹೆಚ್ಚು ಆಫರ್ ಕೊಟ್ಟಿರುತ್ತಾರೆ. ಮೂರು ಎ ಕೇಳುವುದು ಪಾಠ ಅಷ್ಟು ಕಷ್ಟವೆಂದೇ ಅಲ್ಲ, ಬಾಗಿಲಲ್ಲಿ ಜನ ಜಾಸ್ತಿಯೆಂದೂ ಹೌದು. ಇಷ್ಟು ತಿಳಿದದ್ದೇ ತಡ, ನಾನು ಮನೆಯಲ್ಲಿ ಪ್ರವೇಶಾತಿ ಪಂಡಿತನಾಗಿಬಿಟ್ಟೆ. ಮಗಳು ತಟ್ಟೆ ಎತ್ತಿಕೊಂಡು ರೂಮಿನಲ್ಲಿ ಊಟ ಮಾಡತೊಡಗಿದಳು.

ಆ ವರ್ಷ ಕಾಲೇಜಿನವರಿಗೂ ಅಂದಾಜು ಸುಲಭವಿರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ಲಾಕ್‌ಡೌನಿಗೆ ಬಲಿಯಾಗಿತ್ತು. ಪಾಠವೆಲ್ಲ ಪರದೆಯ ಮೇಲೆ. ನನ್ನ ಮಗಳೋ ಕ್ಯಾಮೆರಾ ಹಾಕುವವಳಲ್ಲ, ಬಾಯಿ ಬಿಡುವವಳೂ ಅಲ್ಲ. ರಸಾಯನಶಾಸ್ತ್ರದ ಮೇಡಂ ಹೊಸದಾಗಿ ಸೇರಿದ ಪೆನಾಂಗ್ ಕಡೆಯವರು. ಅವರು ಇವಳ ಮುಖವನ್ನೇ ಕಂಡಿರಲಿಲ್ಲ. ಜೀವಶಾಸ್ತ್ರಕ್ಕೂ ಗಣಿತಕ್ಕೂ ಎ ಖಚಿತವಾಗಿತ್ತು. ತಮ್ಮ ವಿಷಯಕ್ಕೆ ಎ ಕೊಡುವುದೋ ಬಿ ಕೊಡುವುದೋ ಎಂದು ತೋಚದೆ ಅವರು ವೀಡಿಯೊದಲ್ಲಿ ತಂದೆತಾಯಿಯನ್ನು ಕರೆದರು. ಹೆಂಡತಿ ಒಳಗಿನ ಕೋಣೆಯಲ್ಲಿ ತನ್ನ ಆಫೀಸಿನ ಮೀಟಿಂಗಿನಲ್ಲಿದ್ದಳು. ಸಿಕ್ಕಿಬಿದ್ದವನು ನಾನು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಾವು ಹೆತ್ತ ಮಕ್ಕಳನ್ನು ಪರರ ಮುಂದೆ ಹೊಗಳುವುದಿಲ್ಲ, ದೃಷ್ಟಿ ತಾಗುತ್ತದೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಾಗ ನಮ್ಮಮ್ಮ ದಾವಣಗೆರೆಯ ನಮ್ಮ ಬೀದಿಗೆಲ್ಲ ಪೇಡೆ ಹಂಚಿ, ಹೇಗೋ ಪಾಸಾದ ಎಂದು ಹೇಳಿ ಬಂದಿದ್ದರು. ಸುಬಾಂಗಿಗೆ ಬಂದ ಮೇಲೂ ಅದು ನಡೆದೇ ಇತ್ತು. ಲಿಫ್ಟಿನಲ್ಲಿ ಸಿಗುವ ತಮಿಳು ಹೆಂಗಸು ತಮ್ಮ ಮಗ ದಿನವಿಡೀ ಗೇಮ್ ಆಡುತ್ತಾನೆ ಎಂದು ಗೋಳಾಡುತ್ತಿದ್ದರು, ನನ್ನ ಮಗಳದ್ದೂ ಸುಮಾರೇ ಎಂದು ನಾನು ಗೋಳಾಡುತ್ತಿದ್ದೆ. ಆ ಹುಡುಗ ಕಾಲೇಜಿಗೇ ಮೊದಲಿಗ ಎಂದು ನನಗೂ ಗೊತ್ತು, ಇವಳು ಜಾಣೆ ಎಂದು ಅವರಿಗೂ ಗೊತ್ತು. ಇಬ್ಬರೂ ನೆಮ್ಮದಿಯಿಂದ ನಮ್ಮ ನಮ್ಮ ಮಹಡಿಯಲ್ಲಿ ಇಳಿಯುತ್ತಿದ್ದೆವು.

ಮೇಡಂ ಕೇಳಿದ್ದು ಸರಳ ಪ್ರಶ್ನೆ. ಮನೆಯಲ್ಲಿ ಹೇಗೆ ಓದುತ್ತಾಳೆ, ಎ ಅವಳ ಕೈಗೆ ಎಟುಕುತ್ತದೆಯೇ, ಅಥವಾ ಒತ್ತಡವಾಗುತ್ತದೆಯೇ ಎಂದು. ನನ್ನ ಬಾಯಿ ನನ್ನನ್ನು ಕೇಳದೆ ಉತ್ತರ ಕೊಟ್ಟಿತು. ಹುಡುಗಿ ಸುಮಾರು, ಬಿ ಬಂದರೆ ಅದೇ ಹೆಚ್ಚು ಅಂದೆ. ಛೇ, ಹಾಗೆಲ್ಲ ಹೇಳಬೇಡಿ, ತುಂಬಾ ಜಾಣೆ ಎಂದು ಅವರು ಅನ್ನುತ್ತಾರೆಂದು ಕಾದೆ, ನಮ್ಮಲ್ಲಿ ಎದುರಿನವರ ಪಾಲಿನ ಮಾತು ಅದು. ಅವರು ಅನ್ನಲಿಲ್ಲ. ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ಪೋಷಕರು ಅಪರೂಪ ಎಂದು ನನಗೆ ಧನ್ಯವಾದ ಹೇಳಿ, ಏನೋ ಟೈಪ್ ಮಾಡಿಕೊಂಡರು.

ಮೂರು ದಿನದ ಮೇಲೆ ಅಂದಾಜು ಗ್ರೇಡುಗಳು ಬಂದವು. ಎರಡು ಎ, ರಸಾಯನಶಾಸ್ತ್ರಕ್ಕೆ ಬಿ. ಮಗಳು ಮೇಡಂಗೆ ಫೋನ್ ಮಾಡಿದಳಂತೆ. ನಿನ್ನ ತಂದೆಗೂ ಹಾಗೇ ಅನ್ನಿಸಿದೆ, ಬೇಜಾರು ಮಾಡಿಕೊಳ್ಳಬೇಡ ಎಂದು ಅವರು ಸಮಾಧಾನ ಹೇಳಿದರಂತೆ. ಅವಳು ಬಂದು ನನ್ನ ಎದುರು ನಿಂತಳು. ಕನ್ನಡ ಪೂರ್ತಿ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳ ಪೈಕಿ ಅವಳು.

"ಅಪ್ಪಾ, ಯು ಟೋಲ್ಡ್ ಹರ್ ಐ ಆಮ್ ಆವರೇಜ್?"

ನಾನು ದೃಷ್ಟಿಯ ವಿಷಯ ಎತ್ತಿದೆ. ವೀಡಿಯೊ ಕಾಲಿನಲ್ಲೂ ತಾಗುತ್ತದಾ ಎಂದು ಕೇಳಿದಳು. ನಾನು ನಗಲು ನೋಡಿದೆ, ಅವಳು ನಗಲಿಲ್ಲ. ಅಜ್ಜಿಯ ಪೇಡೆಯ ಕತೆ ಹೇಳಿದೆ, ಸುಮಾರು ಅಂದರೆ ಸುಮಾರು ಎಂದಲ್ಲ, ಅದು ಹೇಳುವ ರೀತಿ ಅಷ್ಟೇ ಎಂದು ಬಿಡಿಸಿ ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಆದ್ರೆ ನಂಗೆ ಯಾರೂ ಹೇಳಿಲ್ಲ. ಆಲ್ ದೀಸ್ ಇಯರ್ಸ್, ಐ ಥಾಟ್ ಯು ಮೆಂಟ್ ಇಟ್."

ಹದಿನೆಂಟು ವರ್ಷ ಲಿಫ್ಟಿನಲ್ಲಿ, ಮದುವೆಮನೆಯಲ್ಲಿ, ಫೋನಿನಲ್ಲಿ ಈ ಹುಡುಗಿ ನನ್ನ ಪಕ್ಕದಲ್ಲಿ ನಿಂತು ನಾನು ಆಡಿದ್ದನ್ನೆಲ್ಲ ಅಕ್ಷರಶಃ ನಂಬಿಕೊಂಡಿದ್ದಳು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ.

ಅರ್ಜಿಯ ಗಡುವಿಗೆ ಇನ್ನು ಒಂಬತ್ತು ದಿನವಿತ್ತು. ಅವಳು ಗಡಿಯಾರ ಇಟ್ಟುಕೊಂಡು ಮನೆಯಲ್ಲೇ ಬರೆದಿದ್ದ ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಫೋನಿನಲ್ಲಿ ಫೋಟೊ ತೆಗೆದು ಮೇಡಂಗೆ ಕಳಿಸಿದೆ. ಹೆಂಡತಿ ಅಷ್ಟಕ್ಕೆ ಬಿಡಲಿಲ್ಲ. ಪೇಪರ್ ಕಳಿಸಿದ್ರೆ ಸಾಲ್ದು, ಹಾಳು ಮಾಡಿದ್ದು ಬಾಯಿ, ಬಾಯಲ್ಲೇ ಸರಿ ಮಾಡು ಅಂದಳು. ಮಗಳನ್ನೂ ಪಕ್ಕದಲ್ಲಿ ಕೂರಿಸಿದಳು.

ಮೇಡಂ ಪರದೆಯ ಮೇಲೆ ಬಂದರು. ಹೋದ ವಾರ ನೀವೇ ಆವರೇಜ್ ಅಂದಿರಲ್ಲಾ ಎಂದು ಕೇಳಿದರು. ಹೆದರಿಕೊಂಡು ಸುಳ್ಳು ಹೇಳಿದೆ ಅಂದೆ. ಇವಳು ಜಾಣೆ, ಬಹಳ ಜಾಣೆ, ನಮ್ಮ ವಂಶದಲ್ಲೇ ಇಷ್ಟು ಶ್ರದ್ಧೆಯಿಂದ ಓದಿದವರಿಲ್ಲ ಅಂದೆ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಸ್ವಲ್ಪ ಸಲೀಸಾಯಿತು, ಆದರೂ ಕೊರಳಿನ ಹತ್ತಿರ ಬೆವರಿತು. ಮೇಡಂ ನಕ್ಕರು. ನಿಮ್ಮ ಹೊಗಳಿಕೆಗೆ ನಾನು ಅರ್ಧ ಅಂಕವನ್ನೂ ಕೊಡುವುದಿಲ್ಲ, ಶನಿವಾರ ಎರಡು ಗಂಟೆಯ ಟೆಸ್ಟ್ ಕೊಡುತ್ತೇನೆ, ಕ್ಯಾಮೆರಾ ಹಾಕಿಕೊಂಡು ಬರೆಯಲಿ ಎಂದರು. ಶನಿವಾರ ನಾನೂ ಹೆಂಡತಿಯೂ ಮಿಕ್ಸಿ ಹಾಕದೆ, ಕೆಮ್ಮದೆ, ಅಡುಗೆಮನೆಯಲ್ಲಿ ಕಳ್ಳರ ಹಾಗೆ ಓಡಾಡಿದೆವು. ಸೋಮವಾರ ಬಿ ಹೋಗಿ ಎ ಆಯಿತು.

ಅರ್ಜಿ ಹೋಯಿತು, ವೀಡಿಯೊದಲ್ಲೇ ಸಂದರ್ಶನ ನಡೆಯಿತು. ಜನವರಿಯಲ್ಲಿ ಒಂದು ಸಂಜೆ ಆಫರ್ ಬಂತು. ನಿರೀಕ್ಷಿಸಿದ ಹಾಗೆ ಷರತ್ತು ಮೂರು ಎ. ಹೆಂಡತಿ ಕೇಸರಿಬಾತಿಗೆ ರವೆ ಹುರಿಯಲು ಒಳಗೆ ಹೋದಳು. ಮಗಳು ಆ ಪತ್ರವನ್ನು ಎರಡು ಸಲ ಓದಿ, ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿದಳು.

"ಇಫ್ ಐ ಮಿಸ್ ಇಟ್, ವಿಲ್ ಯು ಗೋ ಬ್ಯಾಕ್ ಟು ಸುಮಾರು?"

ಈ ಸಲ ಇಂಗ್ಲಿಷಿನ ಆಸರೆ ಬೇಡವೆನಿಸಿತು.

"ಇಲ್ಲಮ್ಮ. ಮೂರಕ್ಕೆ ಮೂರೂ ಹೋದ್ರೂ ನೀನು ಭಾಳ ಜಾಣೆ."

ಹೇಳುವಾಗ ನನಗೆ ನಿಜಕ್ಕೂ ಭಯವಾಯಿತು, ಯಾರ ಕಣ್ಣು ಬೀಳುವುದೋ ಎಂದು. ಅವಳು ಇನ್ನೊಂದು ಸಲ ಹೇಳು ಅಂದಳು. ಹೇಳಿದೆ.